ಯಂತ್ರ ಕೊಳ್ಳುವ ಮೊದಲು ಒಂದು ಅಂಗಿ

ಮಕ್ಕಳೇ, ಹೋದ ಬೇಸಿಗೆ ರಜೆಯಲ್ಲಿ ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ತನ್ನ ಆರ್‌ಡಿ ಪಾಸ್‌ಬುಕ್ ತಂದು ನನ್ನ ಮುಂದಿಟ್ಟಳು. "ಅಜ್ಜ, ಇದನ್ನ ಮುರಿಸ್ಬೇಕು. ಅಪ್ಪ ನಿಮ್ಮನ್ನ ಕೇಳು ಅಂದ್ರು."

ಬ್ಯಾಂಕಿನ ಕೌಂಟರಿನಲ್ಲಿ ಆಯಸ್ಸು ಕಳೆದವನಿಗೆ ಅವಧಿಗೆ ಮೊದಲೇ ಠೇವಣಿ ಮುರಿಸುವುದೆಂದರೆ ಕಾಫಿಯನ್ನು ಕಾಯಲ್ಲೇ ಕೊಯ್ದ ಹಾಗೆ. "ಯಾಕಮ್ಮ?" ಎಂದೆ.

"ಟಿ-ಶರ್ಟ್ ಮಾಡೋ ಮಷೀನ್ ತಗೋಬೇಕು."

ಕಾರಣ ಹಾಕಿ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಶುರುವಾದದ್ದು ನಮ್ಮ ಕಕ್ಕಬೆಯ ಪಕ್ಕದ ಕರಡದಲ್ಲಿ. ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಆ ಮೊದಲ ಹಬ್ಬದಲ್ಲಿ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ ತಂಡಗಳ ಸಂಖ್ಯೆ 360 ಆಗಿತ್ತು. ಆಡುವವರಿಗೆ ಜೆರ್ಸಿ ಇರುತ್ತದೆ. ಗ್ಯಾಲರಿಯಲ್ಲಿ ಕೂತು ಗಂಟಲು ಹರಿದುಕೊಳ್ಳುವ ನಮ್ಮ ಮನೆಯ 12 ಮಕ್ಕಳಿಗೂ ಒಂದೇ ಥರದ ಅಂಗಿ ಬೇಕು, ಅದನ್ನು ತಾನೇ ಮಾಡಬೇಕು ಎಂಬುದು ಅವಳ ಆಸೆ.

ಈ ಯಂತ್ರ ಅಂಗಿಗೆ ಬಣ್ಣ ಅಚ್ಚು ಹಾಕುವುದಿಲ್ಲ, ಬರೀ ಕತ್ತರಿಸುತ್ತದೆ. ನೋಡಲು ಕಂಪ್ಯೂಟರ್ ಪ್ರಿಂಟರಿನಂತೆಯೇ ಇರುತ್ತದೆ, ಶಾಯಿಯ ಬದಲು ಒಂದು ಸಣ್ಣ ಬ್ಲೇಡು. ಬಟ್ಟೆಗೆ ಅಂಟುವ ವಿನೈಲ್ ಹಾಳೆಯಲ್ಲಿ ಎರಡು ಪದರ. ಬ್ಲೇಡು ಬಣ್ಣದ ಪದರವನ್ನು ಮಾತ್ರ ಕೊಯ್ದು, ಇನ್ನೊಂದು ಕಡೆಯ ಪಾರದರ್ಶಕ ಹಾಳೆಯನ್ನು ಹಾಗೇ ಬಿಡುತ್ತದೆ. ಬೇಡದ ಚೂರುಗಳನ್ನು ನಾವು ಸೂಜಿಯಿಂದ ಕಿತ್ತು, ಉಳಿದದ್ದನ್ನು ಅಂಗಿಯ ಮೇಲಿಟ್ಟು ಬಿಸಿಯಿಂದ ಒತ್ತಬೇಕು. ಆಮೇಲೆ ಪಾರದರ್ಶಕ ಹಾಳೆಯನ್ನು ಸುಲಿದರೆ ಅಕ್ಷರ ಅಂಗಿಯಲ್ಲೇ ನಿಲ್ಲುತ್ತದೆ.

ಬ್ಯಾಂಕಿನಲ್ಲಿದ್ದಾಗ ಸಾಲ ತೆಗೆದು ತಂದ ಹೊಲಿಗೆ ಯಂತ್ರಗಳು ಗೋಣಿಚೀಲ ಹೊದ್ದು ಮಲಗಿದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಯಂತ್ರ ಕೆಟ್ಟದ್ದಾಗಿರಲಿಲ್ಲ. ದಿನಾ ಅದರ ಮುಂದೆ ಕೂರುವವರು ಯಾರು ಎಂದು ಸಾಲ ಕೊಟ್ಟ ನಾವೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಹಾಗಾಗಿ ಮೊಮ್ಮಗಳಿಗೆ ಕಾಗದ, ಪೆನ್ನು ಕೊಟ್ಟು ಕೂರಿಸಿದೆ.

ಮೊದಲು ಅಗಲ. ಅವಳ ಕಣ್ಣು 12 ಇಂಚು ಕತ್ತರಿಸುವ ಸಿಲೂಯೆಟ್ ಕ್ಯಾಮಿಯೋ ಮೇಲಿತ್ತು. ಅದೇ ಕಂಪನಿಯ ಪೋರ್ಟ್ರೇಟ್ 8 ಇಂಚಿನದು. ಕ್ರಿಕಟ್ ಜಾಯ್ ಎಂಬ ಪುಟ್ಟದು ನಾಲ್ಕೂವರೆ ಇಂಚು. "ಎದೆ ಮೇಲಿನ ಹೆಸರು 11 ಇಂಚು ಉದ್ದ ಬರುತ್ತೆ ಅಜ್ಜ, 8 ಇಂಚು ಸಾಲಲ್ಲ" ಎಂದಳು. ಕಾಗದದಲ್ಲಿ ಆ ಹೆಸರು ಬರೆಸಿ, ಕಾಗದವನ್ನು ಅಡ್ಡ ತಿರುಗಿಸಿದೆ. ಹೆಸರಿನ ಎತ್ತರ ಮೂರೇ ಇಂಚು! 8 ಇಂಚಿನ ಯಂತ್ರದಲ್ಲಿ 12 ಇಂಚು ಉದ್ದದ ಹಾಳೆ ಹೋಗುತ್ತದೆ, ಹೆಸರನ್ನು ಉದ್ದುದ್ದಕ್ಕೆ ಮಲಗಿಸಿದರೆ ಆಯಿತು. ಬೆನ್ನಿನ ನಂಬರನ್ನು ಒಂದೊಂದೇ ಅಂಕಿಯಾಗಿ ಕತ್ತರಿಸಿ ಜೋಡಿಸಬಹುದು.

ಎರಡನೆಯದು ನಮ್ಮೂರಿನ ಕರೆಂಟು, ನೆಟ್ಟು. ಕತ್ತರಿಸುವ ಯಂತ್ರಕ್ಕೆ ಕರೆಂಟು ಸ್ವಲ್ಪ ಸಾಕು. ಅಂಗಿ ಒತ್ತುವ ಹೀಟ್ ಪ್ರೆಸ್ ಮಾತ್ರ ಇಸ್ತ್ರಿ ಪೆಟ್ಟಿಗೆಯ ಅಣ್ಣ, ಮನೆಯ ಸಣ್ಣ ಇನ್ವರ್ಟರಿಗೆ ಅದು ತಡೆಯದು. ಇನ್ನು ಕ್ರಿಕಟ್ ತಂತ್ರಾಂಶಕ್ಕೆ ಖಾತೆ ತೆರೆಯಬೇಕು, ಹೆಚ್ಚಿನ ಕೆಲಸಕ್ಕೆ ನೆಟ್ ಬೇಕು. ಸಿಲೂಯೆಟ್‌ನದನ್ನು ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಜೋರು ಮಳೆ ಬಂದರೆ ಫೋನಿನ ಸಿಗ್ನಲ್ಲೇ ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮೂರನೆಯದು ಲೆಕ್ಕ. ಯಂತ್ರಕ್ಕೆ 24,000 ರೂಪಾಯಿ ಎಂದುಕೊಳ್ಳಿ. 12 ಅಂಗಿ ಮಾಡಿ ನಿಲ್ಲಿಸಿದರೆ ಅಂಗಿಯೊಂದರ ಮೇಲೆ ಯಂತ್ರದ್ದೇ 2,000 ರೂಪಾಯಿ ಬಿತ್ತು. 120 ಅಂಗಿ ಮಾಡಿದರೆ 200. ಹಾಳೆ, ಬ್ಲೇಡು, ಹಾಳೆ ಹಿಡಿದಿಡುವ ಅಂಟು ಮ್ಯಾಟು ಬೇರೆ. "120 ಮಾಡ್ತೀಯಾ?" ಎಂದೆ. ಅವಳು ಸುಮ್ಮನಾದಳು. ಆಮೇಲೆ, "ಮಾಡದೆ ಹೇಗೆ ಗೊತ್ತಾಗುತ್ತೆ ಅಜ್ಜ?" ಎಂದಳು. ಆ ಪ್ರಶ್ನೆಗೆ ನಾನು ಸುಮ್ಮನಾದೆ.

ಗೊತ್ತು ಮಾಡಿಕೊಳ್ಳಲು ದಾರಿಯಿತ್ತು. ಬೈಕಿನ ನಂಬರ್ ಪ್ಲೇಟಿಗೆ ಸ್ಟಿಕ್ಕರ್ ಕತ್ತರಿಸುವ ರೇಡಿಯಂ ಅಂಗಡಿಯಲ್ಲಿ ಇರುವುದೂ ಇದೇ ಜಾತಿಯ ದೊಡ್ಡ ಯಂತ್ರ. ವಿನೈಲ್ ಹಾಳೆ ತರಿಸಿಕೊಂಡು ಅಲ್ಲಿಗೆ ಹೋದೆವು. ಎದೆಗೆ 'ಕಕ್ಕಬೆ', ಬೆನ್ನಿಗೆ 8. ಅಂಗಡಿಯ ಹುಡುಗ ಕೇಳಿದ, "ಉಲ್ಟಾ ಮಾಡ್ಲಾ ಅಜ್ಜ?" ನಾನು ಯಜಮಾನಿಕೆ ತೋರಿಸಿದೆ: "ಉಲ್ಟಾ ಯಾಕಪ್ಪಾ? ನೆಟ್ಟಗೇ ಇರಲಿ."

ಮನೆಯಲ್ಲಿ ಮೊಮ್ಮಗಳೂ ಅವಳ ತಮ್ಮನೂ ಚೂರು ಕೀಳಲು ಕೂತರು. ಕನ್ನಡ ಅಕ್ಷರ ದುಂಡು, ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ಕಿಂಡಿಗಳು. ಕ್ಕ ಒತ್ತಿನ ಒಳಗಿನ ಚೂರು ಕರಿಮೆಣಸಿನ ಕಾಳಿನಷ್ಟು. ಹತ್ತು ನಿಮಿಷಕ್ಕೆ ತಮ್ಮ ಎದ್ದು ಆಡಲು ಓಡಿದ. ಅವಳು ಮುಕ್ಕಾಲು ಗಂಟೆ ತಲೆಯೆತ್ತಲಿಲ್ಲ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನನಗೆ ಬೇಕಿದ್ದ ಉತ್ತರ ಸಿಕ್ಕಿತು.

ಇಸ್ತ್ರಿಯ ಕೆಲಸ ನನ್ನದು. ಮಕ್ಕಳೇ, ಇದನ್ನು ದೊಡ್ಡವರೇ ಮಾಡಬೇಕು. ಗಟ್ಟಿ ಮೇಜು, ಆವಿ ಇಲ್ಲದ ಬಿಸಿ, ಮೇಲೊಂದು ತೆಳು ಹತ್ತಿಬಟ್ಟೆ. ಉಜ್ಜಬಾರದು, ಒತ್ತಿ ಹಿಡಿಯಬೇಕು. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಹಾಳೆಯ ಕಂಪನಿಯೇ ಹೇಳಿರುತ್ತದೆ. ಪಾಲಿಯೆಸ್ಟರ್ ಜೆರ್ಸಿಗೆ ಹತ್ತಿಯಷ್ಟು ಬಿಸಿ ಕೊಟ್ಟರೆ ಬಟ್ಟೆ ಸುಟ್ಟೀತು. ಒಗೆಯುವುದು ಒಂದು ದಿನ ಬಿಟ್ಟು, ಅಂಗಿಯನ್ನು ಒಳಮಗ್ಗುಲು ಮಾಡಿ.

ಹಾಳೆ ಸುಲಿದೆವು. ಬೆನ್ನಿನ 8 ಚೆನ್ನಾಗಿತ್ತು. ಎದೆಯ 'ಕಕ್ಕಬೆ' ಮಾತ್ರ ಎಡದಿಂದ ಬಲಕ್ಕೆ ತಿರುವುಮುರುವು! ಹಾಳೆಯನ್ನು ಹಿಂಬದಿಯಿಂದ ಕತ್ತರಿಸುವುದರಿಂದ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇಡಬೇಕು. ಅಂಗಡಿಯ ಹುಡುಗ ಸರಿಯಾಗಿಯೇ ಕೇಳಿದ್ದ. ತಿರುಗಿಸಿದರೂ 8 ಎಂಟೇ ಆದ್ದರಿಂದ ಅದೊಂದು ಬಚಾವಾಯಿತು.

ಮೊಮ್ಮಗಳು ಅಳುತ್ತಾಳೆ ಎಂದುಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು. "ನನ್ನ ಮಷೀನಲ್ಲಿ ಮೊದಲನೇದು ಹೀಗಾಗಲ್ಲ ಬಿಡಿ" ಎಂದಳು.

ಆರ್‌ಡಿ ಮುರಿಸಲಿಲ್ಲ. ಆ 12 ಅಂಗಿಗಳ ಅಕ್ಷರ ರೇಡಿಯಂ ಅಂಗಡಿಯಲ್ಲೇ ಕತ್ತರಿಸಿ ಬಂದವು, ಚೂರು ಕಿತ್ತವಳು ಅವಳು, ಇಸ್ತ್ರಿ ಒತ್ತಿದವನು ನಾನು. ಪುತ್ತರಿಯ ಹೊತ್ತಿಗೆ ಠೇವಣಿ ಬಡ್ಡಿ ಸಮೇತ ಕೈಗೆ ಬಂತು. 8 ಇಂಚಿನ ಯಂತ್ರ ಮನೆಗೆ ಬಂತು. ಹೀಟ್ ಪ್ರೆಸ್ ಸದ್ಯಕ್ಕೆ ಬೇಡ, ಇಸ್ತ್ರಿ ಪೆಟ್ಟಿಗೆಯೇ ಸಾಕು ಎಂದು ತೀರ್ಮಾನಿಸಿದವಳೂ ಅವಳೇ. ಗೋಡೆಯ ಕ್ಯಾಲೆಂಡರಿನಲ್ಲಿ ಅಂಗಿಗಳ ಲೆಕ್ಕ ಬರೆಯುತ್ತಿದ್ದಾಳೆ. ಇವತ್ತಿಗೆ 31.

ಆ ಮೊದಲ ಅಂಗಿ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತಾಗ ಮಾತ್ರ ನಮ್ಮೂರಿನ ಹೆಸರು ಅದರಲ್ಲಿ ನೆಟ್ಟಗೆ ಕಾಣುತ್ತದೆ.