ಎಲ್ಲರೂ ಟಿ-1000 ಆದರೆ ಹೇಗೆ?

1991ರ ‘ಟರ್ಮಿನೇಟರ್ 2’ ಚಿತ್ರದಲ್ಲಿ ಟಿ-1000 ಅಂತ ಒಂದು ಯಂತ್ರ. ಕರಗಿದ ಲೋಹದಂಥ ಮೈ, ಒಂದು ಸುಕ್ಕಿಲ್ಲ. ಮಿಕ್ಕವರಿಗೆ ಸುಕ್ಕು, ಬೆವರು, ಗಾಯ ಎಲ್ಲಾ ಇವೆ. ಅದಕ್ಕೇ ಇದನ್ನು ಕಂಡರೆ ಭಯ. 2017ರ 4ಕೆ ಡಿಸ್ಕಿನಲ್ಲಿ ಎಲ್ಲರೂ ಟಿ-1000! ತ್ರೀಡಿಗೆಂದು ತಿಕ್ಕಿ ನುಣುಪು ಮಾಡಿದ ಚಿತ್ರವನ್ನೇ ಇದಕ್ಕೂ ಇಳಿಸಿದ್ದಾರೆ. ಶ್ವಾರ್ಜ್‌ನೆಗರ್ ಥೇಟ್ ಮೇಣದ ಗೊಂಬೆ. ಮೇಕಪ್ಪಿಗೆ ಆಸ್ಕರ್ ಗೆದ್ದ ಚಿತ್ರ ಕಣ್ರೀ ಇದು.

‘ಗ್ರೇನ್ ಅಂದ್ರೆ ಕೊಳೆ ತಾನೆ, ಹೋದ್ರೆ ಒಳ್ಳೇದೇ’ ಅನ್ನುವವರಿದ್ದಾರೆ. ಅಲ್ಲ ಸ್ವಾಮಿ, ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಆ ಕಣಗಳಿಂದ. ಒರೆಸುವ ಸಾಫ್ಟ್‌ವೇರಿಗೆ ಕಣ ಯಾವುದು, ಚರ್ಮದ ಗೆರೆ ಯಾವುದು ಅಂತ ಸರಿಯಾಗಿ ತಿಳಿಯಲ್ಲ, ಎರಡನ್ನೂ ಒರೆಸುತ್ತೆ. ಧ್ವನಿಯ ಬಗ್ಗೆ ನನ್ನ ತಕರಾರಿಲ್ಲ, ಟ್ರಕ್ ಕಾಲುವೆಗೆ ಹಾರುವಾಗ ಈಗಲೂ ಎದೆ ನಡುಗುತ್ತೆ.

ನಿರ್ದೇಶಕ ಕ್ಯಾಮರೂನ್ ಒಪ್ಪಿದ ಮೇಲೆ ನಿಮ್ಮದೇನು ಅಂತಾರೆ. 1991ರಲ್ಲಿ ಒಪ್ಪಿದವರೂ ಅವರೇ ಅಲ್ವಾ? ನುಣುಪು ಬೇಕಾದವರಿಗೆ ನುಣುಪು ಕೊಡಿ, ಪಕ್ಕದಲ್ಲಿ ಹಳೆಯದನ್ನೂ ಇಡಿ. ‘ಬ್ಲೇಡ್ ರನ್ನರ್’ನ ಐದು ಆವೃತ್ತಿಗಳನ್ನು 2007ರಲ್ಲಿ ಒಂದೇ ಪೆಟ್ಟಿಗೆಯಲ್ಲಿ ಕೊಡಲಿಲ್ಲವೇ?