ಟಿಕೇಟಿನ ಕೊನೆಯ ಪುಟಗಳು

ಪ್ರಶ್ನೆಪತ್ರಿಕೆಯನ್ನು ಆದ್ಯಂತ ಓದಿದ ಬಳಿಕವೇ ಉತ್ತರ ಬರೆಯಲು ತೊಡಗಬೇಕೆಂದು ಮಕ್ಕಳಿಗೆ ವರ್ಷವರ್ಷವೂ ಬೋಧಿಸುವ ನಾವು, ನಮ್ಮ ಕೈಗೆ ಬಂದ ಕರಾರುಪತ್ರವನ್ನು ಓದುವುದು ಅಪರೂಪ. ಗಡಿನಾಡಿನವರಾದ ನಮಗಂತೂ ಕಚೇರಿಯ ಕಾಗದ ಮಲಯಾಳದಲ್ಲಿ, ಬ್ಯಾಂಕಿನದು ಇಂಗ್ಲಿಷಿನಲ್ಲಿ. ಓದದೆ ರುಜು ಹಾಕುವುದಕ್ಕೆ ಒಂದು ನೆಪವೂ ಉಂಟು.

ಕಳೆದ ತಿಂಗಳು ನೆರೆಮನೆಯ ಹಿರಿಯರೊಬ್ಬರು ಕಾಗದದ ಕಟ್ಟೊಂದನ್ನು ಹಿಡಿದು ಬಂದರು. ಅಮೆರಿಕದಲ್ಲಿರುವ ಮಗಳು ತಾಯ್ತಂದೆಯರನ್ನು ವಿಹಾರನೌಕೆಯಲ್ಲಿ ಕರೆದೊಯ್ಯುವವಳಿದ್ದಾಳೆ. ಅದರ ಕರಾರು ಅದು. "ಮಾಸ್ಟ್ರೇ, ಇದರಲ್ಲಿ ಏನುಂಟೂಂತ ಒಮ್ಮೆ ನೋಡಿ" ಎಂದರು. ನೋಡುತ್ತಿದ್ದಂತೆ ನನಗೆ ನೆನಪಾದುದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ತೀರ್ಮಾನಿಸಿದ ಒಂದು ಮೊಕದ್ದಮೆ.

ಆ ದೇಶದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ದಂಪತಿಗಳು ತಮ್ಮೂರಿನ ಏಜೆಂಟರ ಮೂಲಕ ಕಾರ್ನಿವಲ್ ಕಂಪೆನಿಯ ಹಡಗಿನಲ್ಲಿ ಏಳು ದಿನಗಳ ಯಾನಕ್ಕೆ ಹಣ ಕಟ್ಟಿದರು. ಟಿಕೇಟು ಆಮೇಲೆ ಬಂತು. ಲಾಸ್ ಏಂಜಲೀಸಿನಲ್ಲಿ ಹಡಗೇರಿದರು. ಮೆಕ್ಸಿಕೋದ ಕರಾವಳಿಯಾಚೆ, ಪ್ರಯಾಣಿಕರಿಗೆ ಹಡಗಿನ ಅಡುಗೆಮನೆಯನ್ನು ತೋರಿಸುತ್ತಿದ್ದಾಗ, ಆ ಮಹಿಳೆ ನೆಲಹಾಸಿನ ಮೇಲೆ ಜಾರಿ ಬಿದ್ದು ಗಾಯಗೊಂಡರು. ಪರಿಹಾರಕ್ಕಾಗಿ ತಮ್ಮ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕಂಪೆನಿಯು ಟಿಕೇಟಿನ ಎಂಟನೆಯ ಷರತ್ತನ್ನು ಮುಂದೊಡ್ಡಿತು: ಯಾವ ವ್ಯಾಜ್ಯವಿದ್ದರೂ ಫ್ಲಾರಿಡಾದ ನ್ಯಾಯಾಲಯದಲ್ಲಿಯೇ ನಡೆಯತಕ್ಕದ್ದು. ಫ್ಲಾರಿಡಾ ಆ ದೇಶದ ಆಗ್ನೇಯ ತುದಿ. ಭೂಪಟದ ಮೇಲೆ ಅಳತೆಗೋಲನ್ನು ಮೂಲೆಯಿಂದ ಮೂಲೆಗೆ ಇಡಬೇಕು.

ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಕಂಪೆನಿಯ ಪಕ್ಷವನ್ನೇ ಎತ್ತಿಹಿಡಿದರು. ತೀರ್ಪನ್ನು ಬರೆದ ಬ್ಲ್ಯಾಕ್‌ಮನ್ ಅವರ ವಾದ ಹೀಗಿತ್ತು: ನಾನಾ ಕಡೆಯ ಜನರನ್ನು ಒಯ್ಯುವ ಹಡಗಿನ ಮೇಲೆ ನಾನಾ ಕಡೆ ದಾವೆಗಳಾದರೆ ಖರ್ಚು ಹೆಚ್ಚುತ್ತದೆ, ಸ್ಥಳವೊಂದೇ ಆದರೆ ಆ ಉಳಿತಾಯ ಪ್ರಯಾಣದರದಲ್ಲಿ ಜನರಿಗೂ ದೊರಕುತ್ತದೆ. ಷರತ್ತಿನ ಸೂಚನೆ ತಮಗೆ ದೊರೆತಿತ್ತೆಂದು ದಂಪತಿಗಳು ಒಪ್ಪಿಕೊಂಡದ್ದೂ ಅವರಿಗೆ ಮುಳುವಾಯಿತು. ಭಿನ್ನಮತ ಬರೆದ ಸ್ಟೀವನ್ಸ್ ಅವರು ಟಿಕೇಟಿನ ಯಥಾಪ್ರತಿಯನ್ನೇ ತಮ್ಮ ಬರಹಕ್ಕೆ ಲಗತ್ತಿಸಿದರು. ಇಪ್ಪತ್ತೈದು ಷರತ್ತುಗಳು, ಇರುವೆ ಸಾಲಿನಂಥ ಅಕ್ಷರಗಳು. ಇದನ್ನು ಅತಿ ಜಾಗರೂಕನಾದ ಪ್ರಯಾಣಿಕನು ಮಾತ್ರ ಕಂಡಾನು, ಅದೂ ಹಣ ಕಟ್ಟಿದ ಮೇಲೆ. ಆಗ ಬೇಡವೆಂದರೆ ಹಣ ಮರಳದು ಎಂಬುದು ಅವರ ಆಕ್ಷೇಪ. ನನ್ನ ಮನಸ್ಸು ಅವರ ಪಕ್ಷಕ್ಕೇ ವಾಲುತ್ತದೆ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಂಡವನಿಗೆ ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಲು ಅವಕಾಶವಿತ್ತಿದೆ. ಅಮೆರಿಕದಲ್ಲಿ ಟಿಕೇಟು ಕೊಂಡು ಅಲ್ಲಿಯೇ ಹಡಗೇರುವವನು ಮಾತ್ರ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ನೆರೆಮನೆಯವರ ಕರಾರಿನಲ್ಲಿಯೂ ದಾವೆಯ ಸ್ಥಳ ಫ್ಲಾರಿಡಾದ ಮಯಾಮಿಯೇ. ಅದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದುದು ಅವಧಿಯ ಷರತ್ತು. ಗಾಯಗೊಂಡವರು ಆರು ತಿಂಗಳೊಳಗೆ ಲಿಖಿತ ನೋಟೀಸು ಕೊಡಬೇಕು, ಒಂದು ವರ್ಷದೊಳಗೆ ದಾವೆ ಹೂಡಬೇಕು. ಸಮುದ್ರದಲ್ಲಿ ಸಂಭವಿಸಿದ ಗಾಯಕ್ಕೆ ಅಮೆರಿಕದ ಕಾನೂನು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಾವಕಾಶ ಕೊಡುತ್ತದೆ. ಆದರೆ ಕರಾರಿನ ಮೂಲಕ ಅದನ್ನು ಒಂದು ವರ್ಷಕ್ಕೆ ಇಳಿಸಲು ಕಂಪೆನಿಗಳಿಗೆ ಅನುಮತಿಯನ್ನೂ ಕೊಟ್ಟಿದೆ. ಬಿದ್ದವರು ಊರಿಗೆ ಮರಳಿ, ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಮಗಳಿಗೆ ಬೇಸರವಾದೀತೆಂದು ಸುಮ್ಮನಿರುವಷ್ಟರಲ್ಲಿ ಆರು ತಿಂಗಳು ಕಳೆಯುವುದು ಎಷ್ಟು ಹೊತ್ತು!

"ಹಾಗಾದರೆ ಹೋಗುವುದು ಬೇಡವೋ?" ಎಂದು ಅವರು ಕೇಳಿದರು.

"ಹೋಗಿ ಬನ್ನಿ. ಬಿದ್ದರೆ ಮಾತ್ರ ಆ ದಿನವೇ ಹಡಗಿನ ವೈದ್ಯರಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ" ಎಂದೆ. ಎರಡು ಅವಧಿಗಳ ಕೆಳಗೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಾಗದವನ್ನು ಹಿಂದಿರುಗಿಸಿದೆ. ಅದನ್ನವರು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು.