ಕಿತ್ತಳೆ ಕೇಕಿಗೂ ಒಂದು ಎಲೆ ಹಾಕಿ



ಕಳೆದ ದೀಪಾವಳಿಯ ಪಾಟ್‌ಲಕ್ ಊಟಕ್ಕೆ ನಮ್ಮ ಸಂಘದಿಂದ ಬಂದ ಈಮೇಲಿನಲ್ಲಿ ‘ದಯವಿಟ್ಟು ಕರ್ನಾಟಕದ ಅಡುಗೆಗಳನ್ನು ಮಾತ್ರ ತನ್ನಿ’ ಎಂಬ ಸಾಲಿತ್ತು. ನಾನು ಓದಿರಲಿಲ್ಲ. ಸಂಘದ ಈಮೇಲನ್ನೂ ನಾನು ಆಫೀಸಿನ ಈಮೇಲಿನಂತೆಯೇ ಓದುವುದು: ಮೊದಲ ಎರಡು ಸಾಲು, ಆಮೇಲೆ ನೇರವಾಗಿ ಸಭಾಂಗಣದ ವಿಳಾಸ. ತಪ್ಪು ನನ್ನದೇ.

ಹಾಗಾಗಿ ನಮ್ಮ ಮನೆಯಿಂದ ಚಿತ್ರಾನ್ನದ ಜೊತೆಗೆ ಒಂಬತ್ತು ವರ್ಷದ ಮಗಳು ತಾನೇ ಮಾಡಿದ ಚಾಕಲೇಟ್-ಕಿತ್ತಳೆ ಕೇಕೂ ಬಂತು. ಬಡಿಸುತ್ತಿದ್ದವರೊಬ್ಬರು ಪ್ರೀತಿಯಿಂದಲೇ “ಇವತ್ತು ಯಾರ ಬರ್ತ್‌ಡೇ ಪುಟ್ಟಾ?” ಅಂತ ಕೇಳಿ, ಕೇಕನ್ನು ಪೇಪರ್ ತಟ್ಟೆಗಳ ಹಿಂದೆ ಇಟ್ಟರು. ಮೇಜಿನ ಮೇಲೆ ಡಬ್ಬಿಯಿಂದ ಸುರಿದ ಗುಲಾಬ್ ಜಾಮೂನಿತ್ತು. ಫ್ರೋಜನ್ ಪರೋಟಾ ಕೂಡ ಇತ್ತು, ಅದು ಯಾವ ಜಿಲ್ಲೆಯದೋ! ಮನೆಗೆ ಹೊರಟಾಗ ಕೇಕು ಇಡಿಯಾಗಿ ನಮ್ಮ ಜೊತೆ ವಾಪಸ್ಸು ಬಂತು. ಮಗಳು ಕಾರಿನಲ್ಲಿ ಮಾತಾಡಲಿಲ್ಲ.

ಕಾರ್ಯಕಾರಿ ಸಮಿತಿಯವರ ವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಒಂದು ವರ್ಷ ಮಕ್ಕಳಿಗೆಂದು ಪಿಜ್ಜಾ ತರಿಸಿದ್ದರು. ಮಕ್ಕಳೆಲ್ಲ ಅದನ್ನೇ ತಿಂದರು, ಯಾರೋ ಹಿಂದಿನ ರಾತ್ರಿ ಹನ್ನೆರಡರವರೆಗೆ ಕೂತು ಲಟ್ಟಿಸಿದ್ದ ಹೋಳಿಗೆ ಹಾಗೇ ಉಳಿಯಿತು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಪಿಜ್ಜಾದ ಮೇಲಿನ ಸಿಟ್ಟನ್ನು ಕೇಕಿನ ಮೇಲೆ ತೀರಿಸಿಕೊಂಡರೆ ಹೇಗೆ? ಪಿಜ್ಜಾ ಬಂದದ್ದು ಫೋನ್ ಮಾಡಿ. ಕೇಕು ಬಂದದ್ದು ಮನೆಯ ಒಲೆಯಿಂದ. ಮುಖ್ಯವಾಗಿ, ಈ ಕೇಕು ಆದದ್ದು ಕನ್ನಡದಲ್ಲಿ.

ಏನಿದು ತಮಾಷೆ ಅನ್ನಬೇಡಿ. ನಮ್ಮ ಮನೆಯ ಕಥೆ ಇಂಗ್ಲೆಂಡಿನ ಬಹಳಷ್ಟು ಮನೆಗಳ ಕಥೆಯೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಶಿವಮೊಗ್ಗದಲ್ಲಿರುವ ನನ್ನ ಅಮ್ಮನ ಜೊತೆ ಭಾನುವಾರದ ವೀಡಿಯೊ ಕಾಲ್ ಎಂದರೆ ನಾಲ್ಕು ಸಾಲು. “ಊಟ ಆಯ್ತಾ?” “ಆಯ್ತು.” “ಸ್ಕೂಲ್ ಹೇಗಿದೆ?” “ಚೆನ್ನಾಗಿದೆ.” ಆಮೇಲೆ ಫೋನು ನನ್ನ ಕೈಗೆ. ಅಮ್ಮ ಏನೂ ಅನ್ನುತ್ತಿರಲಿಲ್ಲ. ಆದರೆ ಫೋನು ಕೈ ಬದಲಾಗುವಾಗ ಅವರ ಮುಖವನ್ನು ನೋಡದ ಹಾಗೆ ಇರುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಕೇಕಿನ ಹುಚ್ಚು ಹಿಡಿದದ್ದು ಶಾಲೆಯಲ್ಲಿ ಯಾರೋ ಕೊಟ್ಟ ಚಾಕಲೇಟ್ ಆರೆಂಜಿನಿಂದ. ಕಿತ್ತಳೆಯ ಆಕಾರ, ಮೇಜಿಗೆ ಒಮ್ಮೆ ಕುಟ್ಟಿದರೆ ತೊಳೆ ತೊಳೆಯಾಗಿ ಬಿಡಿಸಿಕೊಳ್ಳುತ್ತದಲ್ಲ, ಅದು. ಯಾರ್ಕ್ ನಗರದ ಟೆರ್ರೀಸ್ ಕಂಪನಿ ಇದನ್ನು ಶುರು ಮಾಡಿದ್ದು 1932ರಲ್ಲಿ. ಯಾರ್ಕಿನ ಕಾರ್ಖಾನೆ 2005ರಲ್ಲಿ ಮುಚ್ಚಿತಾದರೂ ಕ್ರಿಸ್‌ಮಸ್ ಬಂತೆಂದರೆ ಅಂಗಡಿಯಲ್ಲಿ ಈಗಲೂ ಅದರ ರಾಶಿ. ಅದೇ ರುಚಿಯ ಕೇಕು ಬೇಕು ಅಂದಳು. ಊರಿಂದ ಬಂದಾಗ ಅಜ್ಜಿಯೂ ತಿನ್ನುವಂತಿರಬೇಕು, ಅಂದರೆ ಮೊಟ್ಟೆ ಕೂಡದು. ನಾನು ಒಂದು ಷರತ್ತು ಹಾಕಿದೆ: ಅಡುಗೆಮನೆಯಲ್ಲಿ ಇಂಗ್ಲಿಷ್ ಕೂಡದು.

ಮಾಡುವುದು ಬಹಳ ಸುಲಭ. ಮಿಕ್ಸರ್ ಬೇಡ, ಬೆಣ್ಣೆ ಬೇಡ. 190 ಗ್ರಾಂ ಮೈದಾ, 180 ಗ್ರಾಂ ಸಕ್ಕರೆ, 35 ಗ್ರಾಂ ಸಿಹಿಯಿಲ್ಲದ ಕೋಕೋ ಪುಡಿ, ಮುಕ್ಕಾಲು ಟೀ ಚಮಚ ಅಡುಗೆ ಸೋಡ, ಅರ್ಧ ಚಮಚ ಉಪ್ಪು. ಇವನ್ನು ಜರಡಿ ಹಿಡಿದು ಬೆರೆಸಿ. ಎರಡು ಕಿತ್ತಳೆಯ ಸಿಪ್ಪೆಯನ್ನು ತುರಿದು ಹಾಕಿ. ಅಂಗಡಿಯ ಹಣ್ಣಿಗೆ ಮೇಣ ಸವರಿರುತ್ತಾರೆ, ಬಿಸಿನೀರಿನಲ್ಲಿ ಉಜ್ಜಿ ತೊಳೆಯುವುದನ್ನು ಮರೆಯಬೇಡಿ. ಬಣ್ಣದ ಭಾಗ ಮಾತ್ರ ತುರಿಯಿರಿ, ಒಳಗಿನ ಬಿಳಿ ಬಂದರೆ ಕಹಿ. ಘಮವೆಲ್ಲ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ರಸದಲ್ಲಿ ಅಷ್ಟಿಲ್ಲ. ತುರಿಯನ್ನು ಬಿಟ್ಟು ಬರೀ ರಸ ಹಾಕಿದರೆ ಚಾಕಲೇಟಿನ ಎದುರು ಕಿತ್ತಳೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಇನ್ನೊಂದು ಪಾತ್ರೆಯಲ್ಲಿ 240 ಮಿಲಿ ಕಿತ್ತಳೆ ರಸ (ಮೂರು ದೊಡ್ಡ ಹಣ್ಣು ಸಾಕು), 80 ಮಿಲಿ ಸೂರ್ಯಕಾಂತಿ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ. ಇದನ್ನು ಹಿಟ್ಟಿಗೆ ಸುರಿದು ಹಗುರಾಗಿ ಕಲಸಿ. ಹಿಟ್ಟು ಒದ್ದೆಯಾದರೆ ಸಾಕು, ದೋಸೆ ಹಿಟ್ಟಿನಂತೆ ಬಡಿದರೆ ಮೈದಾ ಜಿಗುಟಾಗಿ ಕೇಕು ರಬ್ಬರಾಗುತ್ತದೆ. ಮೊಟ್ಟೆಯಿಲ್ಲದೆ ಉಬ್ಬುವುದು ಹೇಗೆ ಎಂದರೆ, ರಸದ ಹುಳಿಯೂ ಸೋಡವೂ ಸೇರಿ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಆ ಗುಳ್ಳೆ ನಮಗಾಗಿ ಕಾಯುವುದಿಲ್ಲ. ಆದ್ದರಿಂದ ಓವನ್ ಮೊದಲೇ 180 ಡಿಗ್ರಿಗೆ ಕಾದಿರಬೇಕು (ಫ್ಯಾನ್ ಇದ್ದರೆ 160), ಕಲಸಿದ ತಕ್ಷಣ ಎಂಟು ಇಂಚಿನ ಟಿನ್ನಿನಲ್ಲಿ ಒಳಗೆ. 30-35 ನಿಮಿಷ, ಕಡ್ಡಿ ಚುಚ್ಚಿದರೆ ಅಂಟಬಾರದು. ನನ್ನ ಮೊದಲ ವರ್ಶನ್ನಿನಲ್ಲಿ ಹಿಟ್ಟು ಕಲಸಿಟ್ಟು ಇಪ್ಪತ್ತು ನಿಮಿಷ ಆಫೀಸಿನ ಕಾಲ್‌ಗೆ ಹೋಗಿದ್ದೆ. ಬಂದದ್ದು ಕೇಕಲ್ಲ, ಚಾಕಲೇಟ್ ಹೋಳಿಗೆ. ಹೊಸಬರಿಗೆ ಇನ್ನೊಂದು ಮಾತು: ಇಲ್ಲಿ ಪ್ಲೇನ್ ಫ್ಲೋರ್ ಎಂದರೆ ಮೈದಾ. ಸೆಲ್ಫ್ ರೈಸಿಂಗ್ ತಂದರೆ ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಇರುತ್ತದೆ.

ಈಗ ನನ್ನ ಷರತ್ತಿನ ವಿಷಯ. ಅರ್ಧ ಗಂಟೆಯಲ್ಲಿ ಮಗಳ ಬಾಯಿಂದ ಎಷ್ಟು ಕ್ರಿಯಾಪದ ಬಂದವು ನೋಡಿ: ಜರಡಿ ಹಿಡಿ, ತುರಿ, ಹಿಂಡು, ಸೋಸು, ಕಲಸು, ಸವರು, ಮಗುಚು. ಕನ್ನಡ ಶಾಲೆಯ ಪುಸ್ತಕದಲ್ಲಿ ಅಗಸ, ಆನೆ ಇದ್ದಾರೆ. ಇಲ್ಲಿ ಅಗಸರೂ ಇಲ್ಲ, ಆನೆಯೂ ಇಲ್ಲ. ಹಿಟ್ಟಿನಲ್ಲಿ ‘ಗಂಟು’ ಎಂದಾಗ ಶೂ ಲೇಸಿಗೂ ಅದೇ ಪದ ಅಲ್ಲವಾ ಅಂತ ನಕ್ಕಳು. ಆಮೇಲೆ ನಾನು ಸಿಕ್ಕಿಬಿದ್ದ ಪ್ರಶ್ನೆ ಬಂತು: “ಅಪ್ಪ, ಕೇಕನ್ನ ಸುಡೋದಾ, ಬೇಯಿಸೋದಾ?” ಇಂಜಿನಿಯರಿಂಗ್ ಓದಿದವನಿಗೆ ಇದು ಗೊತ್ತಿರಬೇಕಾಗಿರಲಿಲ್ಲ. ಅಜ್ಜಿಯನ್ನೇ ಕೇಳು ಎಂದು ಫೋನು ಹಚ್ಚಿದೆ.

ಅಮ್ಮ ಯೋಚಿಸಿದರು. ಕೆಂಡದ ಮೇಲಾದರೆ ಸುಡೋದು, ಇಡ್ಲಿಯಾದರೆ ಬೇಯಿಸೋದು, ಸಂಡಿಗೆಯಾದರೆ ಕರಿಯೋದು, ಕಡಲೆಬೀಜವಾದರೆ ಹುರಿಯೋದು. “ನಿಂದು ಪೆಟ್ಟಿಗೆ ಒಳಗೆ ಆಗತ್ತಲ್ಲ, ನೀನೇ ಒಂದು ಪದ ಹುಡುಕು.” ಹಣ್ಣಿನ ಸಿಪ್ಪೆ ಏನು ಮಾಡಿದೆ ಅಂತ ಕೇಳಿದರು. ತುರಿ ಹಾಕಿದೆ ಅಂದಳು. ಸರಿ, ತುರಿಯದೆ ಉಳಿದ ಹಣ್ಣಿನ ಸಿಪ್ಪೆ? ಅದನ್ನು ಬಿಸಾಡಿದ್ದಳು. ಅಲ್ಲಿಂದ ಶುರುವಾಯಿತು ಕಿತ್ತಳೆ ಸಿಪ್ಪೆ ಗೊಜ್ಜಿನ ಪಾಠ: ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹುರಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸು, ಕಹಿ ಇದ್ದರೇ ರುಚಿ. ನಡುವೆ ನನ್ನ ಚಿಕ್ಕಂದಿನ ಎರಡು ಮಾನಗೇಡಿ ಕಥೆಗಳೂ ಬಂದವು. ನಲವತ್ತು ನಿಮಿಷ. ಫೋನು ನನ್ನ ಕೈಗೆ ಬರಲೇ ಇಲ್ಲ. ಕೇಕು ತಳ ಹಿಡಿದದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ.

ಈಗ ಹೇಳಿ, ಇದು ಕರ್ನಾಟಕದ ಅಡುಗೆ ಹೌದೋ ಅಲ್ಲವೋ? ಪಟ್ಟು ಹಿಡಿದು ಮೂಲ ಕೇಳುವುದಾದರೆ ಕೋಕೋ ಅಮೆರಿಕ ಖಂಡದ್ದು ಎನ್ನಬಹುದು. ಒಪ್ಪಿದೆ. ಆದರೆ ಮೆಣಸಿನಕಾಯಿಯೂ ಅಲ್ಲಿಯದೇ, ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದದ್ದು. ಬ್ಯಾಡಗಿಯಿಲ್ಲದ ಬಿಸಿಬೇಳೆಬಾತ್ ಯಾರಾದರೂ ತರುತ್ತೀರಾ? ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಬೆಳೆಗಾರರದೇ ಸಹಕಾರ ಸಂಸ್ಥೆ ಕ್ಯಾಂಪ್ಕೋ 1986ರಿಂದ ಚಾಕಲೇಟ್ ಕಾರ್ಖಾನೆ ನಡೆಸುತ್ತಿದೆ. ಕಿತ್ತಳೆಗೆ ಕೊಡಗಿದೆ. ನನ್ನ ಮಟ್ಟಿಗೆ ಡಬ್ಬಿ ಜಾಮೂನಿಗಿಂತ ಈ ಕೇಕಿಗೇ ಹಕ್ಕು ಜಾಸ್ತಿ.

ಸಮಿತಿಯವರಿಗೆ ನನ್ನ ಕೋರಿಕೆ ಇಷ್ಟೇ. ಈಮೇಲಿನ ಆ ಸಾಲನ್ನು ‘ಮನೆಯಲ್ಲಿ ಮಾಡಿದ್ದನ್ನು ಮಾತ್ರ ತನ್ನಿ’ ಎಂದು ತಿದ್ದಿ. ಮಕ್ಕಳೇ ಮಾಡಿದ್ದಕ್ಕೆ ಬೇರೆ ಮೇಜು ಹಾಕಿ, ಬಡಿಸುವವರೂ ಅವರೇ ಆಗಲಿ. ಹೇಗೆ ಮಾಡಿದೆ ಅಂತ ಕೇಳಿದವರಿಗೆ ಕನ್ನಡದಲ್ಲೇ ಹೇಳಬೇಕು, ತಪ್ಪಾದರೆ ನಗಬಾರದು. ಹೋಳಿಗೆ ಉಳಿದೀತೆಂಬ ಭಯವಿದ್ದರೆ ಕೇಕನ್ನು ಊಟವಾದ ಮೇಲೆ ಕತ್ತರಿಸೋಣ.

ಯುಗಾದಿಯ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಮತ್ತೆ ‘ಚಿತ್ರಾನ್ನ, 30 ಜನಕ್ಕೆ’ ಎಂದಿದೆ. ತರುತ್ತೇವೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಮಗಳು ಒಂದು ಸಾಲು ಸೇರಿಸಿದ್ದಾಳೆ, ‘ಕಿತ್ತಳೆ’ಯ ಒತ್ತಕ್ಷರ ತಪ್ಪಿದೆ, ನಾನು ತಿದ್ದಿಲ್ಲ. ಗೊಜ್ಜು ಕೂಡ ತರುವ ಯೋಚನೆಯಲ್ಲಿದ್ದಾಳೆ.